ಮಂಗನ ಕಾಯಿಲೆಯಲ್ಲಿ ಮಂಗನ ಪಾಲೆಷ್ಟು?

ಹೆಸರೊಂದು ಕೆಲವೊಮ್ಮೆ ನಿರಪರಾಧಿಯ ಮೇಲೆ ಅಪವಾದ ಹೊರಿಸಿಬಿಡುತ್ತದೆ. ಮಲೆನಾಡಿನವರು ‘ಮಂಗನ ಕಾಯಿಲೆ’ ಎಂದು ಕರೆಯುವ ಜ್ವರದ ವಿಷಯದಲ್ಲಿ ಆಗಿರುವುದೂ ಇದೇ. ಈ ರೋಗದಲ್ಲಿ ಮಂಗನ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದನ್ನು ನಾನು ಈ ಹೊತ್ತು ವಿಚಾರಮಾಡಬಯಸುತ್ತೇನೆ.

1957ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗ, ಮುಸಿಯಗಳು ಸತ್ತುಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರಿಗೂ ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮೊದಲು ಇದನ್ನು ವಿಷಮಶೀತ ಜ್ವರವೆಂದು ಭಾವಿಸಿದ್ದುಂಟು. ಆದರೆ ಮಂಗನೂ ಮನುಷ್ಯನೂ ಒಟ್ಟಿಗೆ ಸಾಯುತ್ತಿರುವ ಸುದ್ದಿ ಕೇಳಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬೆಚ್ಚಿದರು. ಅದು ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರದ ಲಕ್ಷಣ. ಏಷ್ಯದಲ್ಲಿ ಆ ರೋಗ ಎಂದೂ ನೆಲೆಯೂರಿರಲಿಲ್ಲ. ಕೇಂದ್ರದ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಸಿಕ್ಕಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ದಾಯಾದಿ. ಇಲ್ಲಿಯೂ ವಾಹಕ ಉಣುಗೇ.

ಹಾಗಾದರೆ ಅದು ಇಲ್ಲಿಗೆ ಬಂದದ್ದು ಹೇಗೆ? ವಲಸೆಯ ಹಕ್ಕಿಗಳು ತಂದಿರಬಹುದೆಂಬ ಶಂಕೆ ಹುಟ್ಟಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತದ್ದು ಈ ಶಂಕೆಯ ದೆಸೆಯಿಂದ. ಆದರೆ ರೋಗ ಹೆಚ್ಚಿದ ಬಗೆಯನ್ನು ತಿಳಿಯಲು ಆಕಾಶವನ್ನು ಬಿಟ್ಟು ನೆಲವನ್ನು ನೋಡಬೇಕಾಯಿತು.

ಹಾಗೆ ನೋಡಿದವರಲ್ಲಿ ಹೊರ್ಹೆ ಬೋಶೆಲ್ ಪ್ರಮುಖರು. ಅವರು ಕೊಲಂಬಿಯ ದೇಶದ ವೈದ್ಯ. ಅಲ್ಲಿ ಕಾಡಿನ ಹಳದಿ ಜ್ವರವನ್ನು ಅಭ್ಯಸಿಸುತ್ತಿದ್ದಾಗ, ಹೆಮ್ಮರವೊಂದು ಕೊಡಲಿಗೆ ಉರುಳುತ್ತಲೇ ಅದರ ನೆತ್ತಿಯಲ್ಲಿದ್ದ ನೀಲಿ ಸೊಳ್ಳೆಗಳು ಮರ ಕಡಿಯುವವರನ್ನು ಮುತ್ತುವುದನ್ನು ಅವರು ಕಂಡಿದ್ದರು. ಮರದ ತುದಿಯಲ್ಲಿ ಮಂಗಗಳ ನಡುವೆ ಸುತ್ತುತ್ತಿದ್ದ ರೋಗವನ್ನು ಮನುಷ್ಯನೇ ಕೆಳಗಿಳಿಸಿಕೊಂಡಿದ್ದ. 1960ರ ದಶಕದಲ್ಲಿ ಮಲೆನಾಡಿಗೆ ಬಂದ ಬೋಶೆಲ್ ಅದೇ ಕಣ್ಣಿನಿಂದ ಇಲ್ಲಿಯ ಕಾಡನ್ನೂ ನೋಡಿದರು.

ಅವರು 1969ರಲ್ಲಿ ಪ್ರಕಟಿಸಿದ ಲೇಖನದ ತಾತ್ಪರ್ಯವಿಷ್ಟು: ಜನ ಹೆಚ್ಚಿದಂತೆ ಕಾಡಿನ ನಡುನಡುವೆ ಗದ್ದೆಗಳಾದವು, ಅಂಚಿನಲ್ಲಿ ಲಂಟಾನ ಪೊದೆಗಳೆದ್ದವು, ಊರ ದನಗಳು ಕಾಡಿನೊಳಗೆ ಮೇಯತೊಡಗಿದವು. ಬಲಿತ ಉಣುಗು ದನದ ರಕ್ತ ಹೀರಿ, ನೆಲಕ್ಕೆ ಬಿದ್ದು, ಸಾವಿರಾರು ಮೊಟ್ಟೆಯಿಡುತ್ತದೆ. ಮಳೆಗಾಲ ಕಳೆದ ಮೇಲೆ ಮರಿಗಳು ಇಲಿ, ಹಕ್ಕಿ, ಮಂಗಗಳ ಮೈಯೇರುತ್ತವೆ. ಅವು ಬೆಳೆದಾದ ಎಳೆಯುಣುಗುಗಳು ಬೇಸಿಗೆಯವರೆಗೂ ತರಗೆಲೆಗಳ ನಡುವೆ ಕಾದಿರುತ್ತವೆ. ದನಕ್ಕೆ ಈ ರೋಗದ ಬಾಧೆಯಿಲ್ಲ; ಆದರೆ ಉಣುಗಿನ ಸಂತತಿ ಬೆಳೆಯುವುದು ಅದರ ರಕ್ತದಿಂದ. ಮಂಗನ ರಕ್ತದಲ್ಲಾದರೋ ವೈರಸ್ ಹೇರಳವಾಗಿ ವೃದ್ಧಿಸುತ್ತದೆ. ಅದು ಸತ್ತಾಗ ಮೈಮೇಲಿನ ಉಣುಗುಗಳು ಅಲ್ಲಿಯೇ ಉದುರುತ್ತವೆ. ಕೊಟ್ಟಿಗೆಗೆ ಹಾಸಲು ದರಗು ಗುಡಿಸುವ ಹೆಂಗಸು ಕೂರುವುದೂ ಆ ಮರದ ಬುಡದಲ್ಲಿಯೇ.

ಅಂದಮೇಲೆ ಮಂಗ ಈ ರೋಗದ ಮೂಲಕಾರಣವಲ್ಲ; ನಮಗಿಂತ ಮೊದಲು ಸಾಯುವ ನೆರೆಯವನು. ಅದನ್ನು ದ್ವೇಷಿಸಿ ಫಲವಿಲ್ಲ. ಹಾಗೆಂದು ದನ ಕಟ್ಟಿಹಾಕಿ, ಕಾಡಿಗೆ ಕಾಲಿಡಬೇಡಿ ಎಂದು ರೈತನಿಗೆ ಉಪದೇಶಿಸುವುದೂ ಸುಲಭವಲ್ಲ. ಸೊಪ್ಪಿಲ್ಲದೆ ತೋಟವಿಲ್ಲ, ಸೌದೆಯಿಲ್ಲದೆ ಒಲೆಯಿಲ್ಲ ಎಂಬ ಬಾಳು ಹಲವರದು.

ಬೋಶೆಲ್ಲರ ಮಾತನ್ನು ಹಳೆಯದೆಂದು ಬದಿಗಿಡುವಂತಿಲ್ಲ. 2012ರಲ್ಲಿ ಬಂಡೀಪುರದ ಕಾಡಿನಲ್ಲಿ, ಆಮೇಲೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ ರೋಗ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವು ಮನೆಗಳಲ್ಲಿ ಸಾವಾಯಿತು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ರೋಗಕ್ಕೆಂದೇ ಗೊತ್ತಾದ ಔಷಧಿಯೂ ಇಲ್ಲ. ಹೊತ್ತಿಗೆ ಸರಿಯಾದ ಆರೈಕೆಯೇ ಆಧಾರ.

ಆದುದರಿಂದ ಮಲೆನಾಡಿನಲ್ಲಿ ನೆಂಟರಿಷ್ಟರಿರುವ ನೀವು ಇಷ್ಟನ್ನು ಅವರಿಗೆ ತಿಳಿಸಬೇಕೆಂದು ನನ್ನ ವಿನಂತಿ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆಯಿರಲಿ, ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಕೈಕಾಲಿಗೆ ಸವರಲಿ, ಬಂದೊಡನೆ ಬಿಸಿನೀರಿನ ಸ್ನಾನವಾಗಲಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಆ ಜಾಗಕ್ಕೆ ಯಾರೂ ಸುಳಿಯದಂತೆ ನೋಡಿಕೊಂಡು, ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಲಿ. ಆ ಸುದ್ದಿ ಒಂದು ದಿನ ಮುಂಚೆ ತಲಪಿದರೂ ಯಾರದೋ ಮನೆಯ ಜೀವ ಉಳಿದೀತು.