ಸ್ಪರ್ಧೆಗೂ ಸಂಸಾರಕ್ಕೂ ಒಂದೇ ದೋಣಿ

ವಾಟರ್ ಸ್ಕೀಯಿಂಗ್‌ಗೆಂದು ದೋಣಿ ಕೊಳ್ಳಲು ಹೊರಟವರು ಮೊದಲು ತಿಳಿಯಬೇಕಾದದ್ದು ದೋಣಿಯ ಹಿಂದಿನ ನೀರಿನ ವಿಷಯ. ದೋಣಿ ನೀರನ್ನು ಸೀಳಿಕೊಂಡು ಓಡುವಾಗ ಅದರ ಹಿಂದೆ ಎರಡು ಏರುಗಳೂ ನಡುವೆ ಒಂದು ತಗ್ಗೂ ಮೂಡುತ್ತವೆ. ಆ ಏರನ್ನು ಆಟಗಾರರು ವೇಕ್ ಎನ್ನುತ್ತಾರೆ. ಹಗ್ಗ ಹಿಡಿದು ಹಿಂದೆ ಬರುವವರು ಎಡದಿಂದ ಬಲಕ್ಕೆ ಸಾಗಬೇಕಾದರೆ ಅದನ್ನು ದಾಟಲೇಬೇಕು. ತೇಲುಚೆಂಡುಗಳನ್ನು ಸುತ್ತಿ ಸಾಗುವ ಸ್ಲಾಲಮ್ ಸ್ಪರ್ಧಿಗೆ ಈ ವೇಕ್ ಇದ್ದೂ ಇಲ್ಲದಂತಿರಬೇಕು. ಸ್ವಲ್ಪ ಗಡುಸಾಗಿದ್ದರೂ ಸ್ಕೀ ಪುಟಿದು ಲಯ ತಪ್ಪುತ್ತದೆ. ಅದೇ ಮನೆಯಲ್ಲಿ ವೇಕ್‌ಬೋರ್ಡ್ ಆಡುವ ಮಗಳಿದ್ದರೆ, ಅವಳಿಗೆ ಆ ಏರು ಎತ್ತರವಾಗಿ, ಗಟ್ಟಿಯಾಗಿ ಎದ್ದು ನಿಲ್ಲಬೇಕು. ಅದನ್ನೇರಿಯೇ ಅವಳು ಗಾಳಿಗೆ ಚಿಮ್ಮುವುದು. ಒಂದೇ ತಳದ ದೋಣಿ ಈ ಇಬ್ಬರನ್ನೂ ಪೂರ್ತಿ ಮೆಚ್ಚಿಸಲಾರದು. ಯಾರಿಗೆ ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ತೀರ್ಮಾನಿಸಿಕೊಳ್ಳಬೇಕು.

ಈ ಆಟದ ತವರು ಅಮೆರಿಕ. 1922ರ ಬೇಸಿಗೆಯಲ್ಲಿ ಮಿನೆಸೋಟಾ ರಾಜ್ಯದ ಲೇಕ್ ಸಿಟಿ ಎಂಬ ಊರಿನಲ್ಲಿ, ಪೆಪಿನ್ ಸರೋವರದ ಮೇಲೆ, ರಾಲ್ಫ್ ಸ್ಯಾಮುಯೆಲ್ಸನ್ ಎಂಬ 18ರ ಹುಡುಗ ಎಂಟು ಅಡಿ ಉದ್ದದ ಪೈನ್ ಹಲಗೆಗಳ ತುದಿಯನ್ನು ಮೇಲಕ್ಕೆ ಬಾಗಿಸಿ, ಚರ್ಮದ ಪಟ್ಟಿಯಲ್ಲಿ ಕಾಲು ತೂರಿಸಿ ನೀರಿನ ಮೇಲೆ ನಿಂತ. ದೋಣಿ ಓಡಿಸಿದವನು ಅವನ ಅಣ್ಣ ಬೆನ್. ಅಲ್ಲಿಂದ ಮೂರು ನಾಲ್ಕು ದಶಕಗಳ ಕಾಲ ಸಿಕ್ಕಿದ ದೋಣಿಗೆ ಹಗ್ಗ ಕಟ್ಟಿ ಆಡುವುದೇ ನಡೆಯಿತು. ಸ್ಕೀಗೆಂದೇ ರೂಪಿಸಿದ ಫೈಬರ್‌ಗ್ಲಾಸ್ ದೋಣಿಯಾಗಿ ಹೆಸರು ಮಾಡಿದ್ದು ಫ್ಲಾರಿಡಾದ ಕರೆಕ್ಟ್ ಕ್ರಾಫ್ಟ್ ಕಂಪನಿ 1961ರಲ್ಲಿ ಹೊರತಂದ ಸ್ಕೀ ನಾಟೀಕ್. 1968ರಲ್ಲಿ ಟೆನೆಸಿಯ ಮೇರಿವಿಲ್‌ನಲ್ಲಿ ರಾಬ್ ಶರ್ಲಿ ಎಂಬುವರು ಒಂದು ಕುದುರೆ ಲಾಯದಲ್ಲಿ ಮಾಸ್ಟರ್‌ಕ್ರಾಫ್ಟ್ ಕಟ್ಟಲು ಶುರು ಮಾಡಿದರು. ಅವರು ಸ್ಕೀ ಕಲಿಸುವ ಶಾಲೆ ನಡೆಸುತ್ತಿದ್ದವರು. ತಮ್ಮ ಹಿಂದೆ ಬರುವ ಆಟಗಾರನಿಗೆ ಮೆತ್ತನೆಯ ವೇಕ್ ಬೇಕೆಂಬ ಒಂದೇ ಹಟ ಅವರದು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಲಿಬು ಹುಟ್ಟಿತು. ಇವತ್ತಿಗೂ ಸ್ಪರ್ಧೆಯ ದೋಣಿ ಎಂದರೆ ಹೆಚ್ಚಾಗಿ ಈ ಮೂರು ಹೆಸರುಗಳೇ.

ಸ್ಪರ್ಧೆ ದೋಣಿಯಿಂದ ಏನನ್ನು ಕೇಳುತ್ತದೆ ಎಂದು ತಿಳಿಯಲು ಸ್ಲಾಲಮ್ ಅಂಕಣವನ್ನು ನೋಡಬೇಕು. ಅದರ ಉದ್ದ 259 ಮೀಟರ್. ದೋಣಿ ನಟ್ಟನಡುವೆ ನೇರವಾಗಿ ಸಾಗುತ್ತದೆ. ಆಟಗಾರ ಮಾತ್ರ ಆಚೆಗೆ ಮೂರು, ಈಚೆಗೆ ಮೂರು ಇರುವ ಆರು ತೇಲುಚೆಂಡುಗಳನ್ನು ಒಂದೊಂದಾಗಿ ಸುತ್ತಿ ಬರಬೇಕು. ಪ್ರತಿ ಚೆಂಡೂ ನಡುಗೆರೆಯಿಂದ 11.5 ಮೀಟರ್ ದೂರ. ಗಂಡಸರ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್, ಹೆಂಗಸರದು 55. ಅಂದರೆ ಇಡೀ ಅಂಕಣ ಸುಮಾರು 16 ಸೆಕೆಂಡಿನಲ್ಲಿ ಮುಗಿದು ಹೋಗುತ್ತದೆ. ಗರಿಷ್ಠ ವೇಗದಲ್ಲಿ ಆರೂ ಚೆಂಡು ಸುತ್ತಿದವರಿಗೆ ಮುಂದಿನ ಸುತ್ತಿನಲ್ಲಿ ಹಗ್ಗವನ್ನು ಮೊಟಕು ಮಾಡುತ್ತಾರೆ: 18.25 ಮೀಟರ್, 16, 14.25, 13, 12, ಆಮೇಲೆ 11.25. ಇಲ್ಲಿಗೆ ಹಗ್ಗ ಚೆಂಡಿನ ದೂರಕ್ಕಿಂತಲೂ ಗಿಡ್ಡವಾಯಿತು! ದೊಡ್ಡ ಆಟಗಾರರು ತಮ್ಮ ಮೈಯನ್ನೇ ನೀರಿನ ಮೇಲೆ ಅಡ್ಡಡ್ಡ ಚಾಚಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಸ್ಕೀಯನ್ನು ಚೆಂಡಿನಾಚೆ ಹಾಯಿಸುತ್ತಾರೆ.

ಅಷ್ಟು ಜೋರಾಗಿ ಒಬ್ಬರು ಪಕ್ಕಕ್ಕೆ ಎಳೆಯುವಾಗ ದೋಣಿ ಅಲುಗಬಾರದು. ಅದು ಸಾಗಬೇಕಾದ ಚೆಂಡುಗಳ ನಡುವಿನ ದಾರಿ 2.3 ಮೀಟರ್ ಅಗಲ; ದೋಣಿಯ ಅಗಲಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದಕ್ಕೇ ಸ್ಪರ್ಧೆಯ ದೋಣಿಯ ತಳದಲ್ಲಿ ಸಣ್ಣ ಸಣ್ಣ ರೆಕ್ಕೆಗಳಿರುತ್ತವೆ, ಅವು ನೀರನ್ನು ಕಚ್ಚಿ ದೋಣಿಯನ್ನು ನೇರ ಇಡುತ್ತವೆ. ಹಗ್ಗ ಕಟ್ಟುವ ಗೂಟವನ್ನು ಹಿಂಬದಿಯಲ್ಲಿ ನೆಡದೆ ದೋಣಿಯ ನಡುವಿನಲ್ಲಿ, ಅದರ ತೂಕ ಕೂಡುವ ಜಾಗದ ಹತ್ತಿರ ನೆಡುತ್ತಾರೆ. ಹಿಂಬದಿಗೆ ಕಟ್ಟಿದರೆ ಆಟಗಾರನ ಪ್ರತಿ ಎಳೆತಕ್ಕೂ ದೋಣಿಯ ಮೂತಿ ತಿರುಗುತ್ತದೆ. ವೇಗವನ್ನು ಕೈಯಿಂದ ಹಿಡಿದಿಡುವ ಕಾಲವೂ ಹೋಯಿತು. ಜೀರೋ ಆಫ್‌ನಂಥ ಸಾಧನಗಳು ಜಿಪಿಎಸ್ ನೋಡಿಕೊಂಡು, ಆಟಗಾರ ಎಳೆದಾಗ ಎಂಜಿನ್‌ಗೆ ಪೆಟ್ರೋಲ್ ಕೂಡಿಸಿ, ಬಿಟ್ಟಾಗ ಕಳೆದು, ವೇಗವನ್ನು ಒಂದೇ ಸಮ ಇಡುತ್ತವೆ. ಹಳೆಯ ದೋಣಿ ಕೊಂಡು ಸ್ಪರ್ಧೆಗೆ ಅಭ್ಯಾಸ ಮಾಡುವವರು ಇದೊಂದನ್ನು ಮಾತ್ರ ಬಿಡಬಾರದು. ಸ್ಪರ್ಧೆಯ ದಿನ ಇರುವ ಎಳೆತವೇ ಅಭ್ಯಾಸದ ದಿನವೂ ಇರಬೇಕು.

ಇನ್ನು ಎಂಜಿನ್ ಎಲ್ಲಿರಬೇಕು ಎಂಬ ಮಾತು. ಸ್ಪರ್ಧೆ ಮತ್ತು ಸಂಸಾರದ ಜಗಳ ನಿಜಕ್ಕೂ ಇರುವುದು ಇಲ್ಲೇ. ಡೈರೆಕ್ಟ್ ಡ್ರೈವ್ ದೋಣಿಯಲ್ಲಿ ಎಂಜಿನ್ ನಟ್ಟನಡುವೆ, ಒಂದು ದೊಡ್ಡ ಪೆಟ್ಟಿಗೆಯೊಳಗೆ ಕುಳಿತಿರುತ್ತದೆ. ಅದರ ದಂಡ ಓರೆಯಾಗಿ ತಳದಿಂದ ಹೊರಬಂದು ಪ್ರೊಪೆಲ್ಲರ್ ತಿರುಗಿಸುತ್ತದೆ. ತೂಕ ಮಧ್ಯದಲ್ಲಿರುವುದರಿಂದ ದೋಣಿ ಸಮವಾಗಿ ಕೂರುತ್ತದೆ, ಬೇಗ ನೀರಿನ ಮೇಲಕ್ಕೆ ಏಳುತ್ತದೆ, ವೇಕ್ ತಗ್ಗಾಗಿರುತ್ತದೆ. ಆದರೆ ಆ ಪೆಟ್ಟಿಗೆ ಕೂರುವ ಜಾಗವನ್ನೆಲ್ಲ ನುಂಗುತ್ತದೆ. ಮಕ್ಕಳು ಅದರ ಮೇಲೆ ಹತ್ತಿ ಇಳಿಯುತ್ತಾರೆ, ಬಿಸಿಯೂ ಸದ್ದೂ ಅಲ್ಲೇ. ವಿ ಡ್ರೈವ್‌ನಲ್ಲಿ ಎಂಜಿನ್ ಹಿಂದಕ್ಕೆ ಹೋಗುತ್ತದೆ, ಶಕ್ತಿ ಒಂದು ಗೇರ್ ಪೆಟ್ಟಿಗೆಯ ಮೂಲಕ ಮಡಚಿ ಬರುತ್ತದೆ. ಒಳಗೆ ಹಜಾರದಷ್ಟು ಜಾಗ ತೆರೆದುಕೊಳ್ಳುತ್ತದೆ. ಹಿಂಭಾಗ ತೂಕವಾಗಿ ಮುಳುಗುವುದರಿಂದ ವೇಕ್ ಏಳುತ್ತದೆ. ವೇಕ್‌ಬೋರ್ಡಿಗೂ, ಹಗ್ಗ ಬಿಟ್ಟು ಅಲೆಯ ಮೇಲೆ ತೇಲುವ ವೇಕ್‌ಸರ್ಫಿಗೂ ಇದೇ ಬೇಕು. ಸಾಲದಾದರೆ ನೀರಿನ ಚೀಲ ತುಂಬಿ ಇನ್ನಷ್ಟು ಮುಳುಗಿಸುತ್ತಾರೆ. ಸ್ಲಾಲಮ್ ಆಟಗಾರನಿಗೆ ಇದು ಕಷ್ಟದ ದೋಣಿ.

ಮೂರನೆಯದು, ಬೆಲೆ ಕಡಿಮೆ ಎಂದು ಹೆಚ್ಚು ಮನೆಗಳು ಕೊಳ್ಳುವ ಸ್ಟರ್ನ್ ಡ್ರೈವ್. ಅದರ ಪ್ರೊಪೆಲ್ಲರ್ ದೋಣಿಯ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಊರಾಚೆ ಸುತ್ತಲು, ಮೀನು ಹಿಡಿಯಲು, ಟ್ಯೂಬ್ ಎಳೆಯಲು ಅದು ಸಾಕು. ಸ್ಪರ್ಧೆಯ ಆಸೆ ಇದ್ದವರು ಅದನ್ನು ಕೊಳ್ಳಬಾರದು, ವೇಕ್‌ಸರ್ಫ್ ಆಡುವವರಂತೂ ಕೊಳ್ಳಲೇಬಾರದು. ವೇಕ್‌ಸರ್ಫಿಂಗ್‌ನಲ್ಲಿ ಆಟಗಾರ ದೋಣಿಯ ತೀರ ಹತ್ತಿರ, ಹಗ್ಗ ಬಿಟ್ಟು ತೇಲುತ್ತಾನೆ. ಹಿಂದಕ್ಕೆ ಚಾಚಿದ ಪ್ರೊಪೆಲ್ಲರ್ ಇರುವ ದೋಣಿಯ ಹಿಂದೆ ಅದನ್ನು ಆಡುವುದು ಜೀವದ ಜೊತೆ ಆಟ.

ಹಾಗಾದರೆ ನನ್ನ ಮಾತು ಇಷ್ಟು: ಮನೆಯಲ್ಲಿ ಒಬ್ಬರಾದರೂ ಮನಸ್ಸಿಟ್ಟು ಸ್ಲಾಲಮ್ ಆಡುವವರಿದ್ದರೆ, ಮುಂಭಾಗ ತೆರೆದಿರುವ ಡೈರೆಕ್ಟ್ ಡ್ರೈವ್ ದೋಣಿಯನ್ನೇ ಕೊಳ್ಳಿ. ಸ್ಪರ್ಧೆಯ ದೋಣಿಗೆ ಹಿಂದೆ ಮುಚ್ಚಿದ ಮೂತಿಯೇ ಲಕ್ಷಣ ಎನ್ನುತ್ತಿದ್ದರು. ಈಗ ಅದೇ ತಳದ ಮೇಲೆ ಮುಂದುಗಡೆ ಸೀಟು ಹಾಕಿದ ಮಾದರಿಗಳು ಬರುತ್ತವೆ. ಸ್ಕೀ ನಾಟೀಕ್ 200 ಎರಡೂ ಬಗೆಯಲ್ಲಿ ಬಂದಿತ್ತು. ಮಕ್ಕಳಿಗೆ ಮುಂದೆ ಕೂತು ಗಾಳಿಗೆ ಮುಖವೊಡ್ಡುವುದಕ್ಕಿಂತ ಬೇರೆ ಸುಖ ಬೇಡ. ಸ್ಪರ್ಧೆಯ ದೋಣಿಯನ್ನು ಸಂಸಾರಕ್ಕೆ ಒಗ್ಗಿಸಬಹುದು, ಸಂಸಾರದ ದೋಣಿಯನ್ನು ಸ್ಪರ್ಧೆಗೆ ಒಗ್ಗಿಸಲು ಆಗದು. ತಳದ ಆಕಾರವನ್ನು ಯಾರೂ ಆಮೇಲೆ ಬದಲಿಸಲಾರರು.

ಒಗ್ಗಿಸುವುದು ಹೇಗೆ? ತೂಕದಿಂದ. ಪ್ರತಿಯೊಬ್ಬ ಪ್ರಯಾಣಿಕನೂ ದೋಣಿಯನ್ನು ಒಂದಿಷ್ಟು ಮುಳುಗಿಸಿ ವೇಕನ್ನು ಒಂದಿಷ್ಟು ಏರಿಸುತ್ತಾನೆ. ಸ್ಲಾಲಮ್ ಆಡುವ ಅಮ್ಮನಿಗೆ ಅಭ್ಯಾಸವಿದ್ದಾಗ ಓಡಿಸುವವರೊಬ್ಬರು, ನೋಡಿಕೊಳ್ಳುವವರೊಬ್ಬರು ಇದ್ದರೆ ಸಾಕು, ಉಳಿದವರು ದಡದಲ್ಲಿ ಕೂರಲಿ. ಮಗಳು ವೇಕ್‌ಬೋರ್ಡ್ ಕಟ್ಟಿದಾಗ ಎಲ್ಲರೂ ಹತ್ತಿ ಹಿಂದಿನ ಸೀಟಿನಲ್ಲಿ ಒತ್ತಾಗಿ ಕೂತರೆ ಅವಳಿಗೆ ಬೇಕಾದ ಏರು ತಾನಾಗಿ ಸಿಗುತ್ತದೆ. ವೇಗದ ಗುಟ್ಟೂ ಇಲ್ಲಿದೆ. ದೋಣಿ ನಿಧಾನವಾಗಿದ್ದಷ್ಟೂ ನೀರಿನಲ್ಲಿ ಆಳವಾಗಿ ಕೂತು ಅಲೆ ಎಬ್ಬಿಸುತ್ತದೆ, ವೇಗ ಹೆಚ್ಚಿದಂತೆ ಮೇಲೆದ್ದು ನೀರಿನ ಮೇಲ್ಮೈಯಲ್ಲೇ ಜಾರುತ್ತದೆ. ಆದ್ದರಿಂದ 58ರಲ್ಲಿ ಮೆತ್ತಗಿರುವ ವೇಕ್ 40ರಲ್ಲಿ ಗಡುಸಾಗಿರಬಹುದು. ಆಗತಾನೆ ಒಂಟಿ ಸ್ಕೀ ಕಲಿಯುವ ಹತ್ತು ವರ್ಷದ ಹುಡುಗ ಓಡುವುದು ಆ ನಿಧಾನದಲ್ಲೇ. ಮಾರುವವರು ತೋರಿಸುವುದು ದೊಡ್ಡವರ ವೇಗದ ವೇಕನ್ನು. ನೀವು ಚಿಕ್ಕವರ ವೇಗದ್ದನ್ನೂ ತೋರಿಸಿ ಎಂದು ಕೇಳಿ.

ನಿಮ್ಮ ನೀರು ಎಂಥದು ಎಂಬುದೂ ದೊಡ್ಡ ಪ್ರಶ್ನೆ. ಫ್ಲಾರಿಡಾದಲ್ಲಿ ಸ್ಕೀಗೆಂದೇ ತೋಡಿದ ಉದ್ದನೆಯ, ಕಿರಿದಾದ ಕೆರೆಗಳಿವೆ. ದಡ ಇಳಿಜಾರಾಗಿರುವುದರಿಂದ ಅಲೆ ಅಲ್ಲೇ ಸಾಯುತ್ತದೆ, ನೀರು ಕನ್ನಡಿಯಂತೆ ನಿಲ್ಲುತ್ತದೆ. ಅಲ್ಲಿ ಚಪ್ಪಟೆ ತಳದ, ಗಿಡ್ಡ ಅಂಚಿನ ಸ್ಕೀ ದೋಣಿ ಸುಖ. ಅದನ್ನೇ ಗಾಳಿ ಬೀಸುವ, ದೊಡ್ಡ ದೊಡ್ಡ ದೋಣಿ ಓಡುವ ಸರೋವರಕ್ಕೆ ಒಯ್ದರೆ ಪ್ರತಿ ಅಲೆಯೂ ಬೆನ್ನುಮೂಳೆಗೆ ಬಡಿಯುತ್ತದೆ. ಮುಂದೆ ನಾಲ್ಕು ಜನ ಕೂತಿದ್ದಾಗ ತಟ್ಟನೆ ವೇಗ ತಗ್ಗಿಸಿದರೆ ಮೂತಿ ಬಾಗಿ ನೀರು ಒಳಕ್ಕೆ ನುಗ್ಗುತ್ತದೆ. ಊರಿನಿಂದ ಬೇಸಿಗೆಗೆ ಮಕ್ಕಳ ಮನೆಗೆ ಬಂದ ಅಜ್ಜಿ ತಾತನನ್ನೂ ಕೂರಿಸಿಕೊಳ್ಳುವ ಅಮೆರಿಕದ ಕನ್ನಡದ ಮನೆಗಳು ಇದನ್ನು ಯೋಚಿಸಲೇಬೇಕು. ಅಂಥ ದೊಡ್ಡ ನೀರಿನ ದಡದಲ್ಲಿ ಮನೆಯಿದ್ದು, ಸ್ಪರ್ಧೆ ವರ್ಷಕ್ಕೊಮ್ಮೆಯ ಹವ್ಯಾಸವಾಗಿದ್ದರೆ, ಮೇಲೆ ಹೇಳಿದ್ದನ್ನು ಬಿಟ್ಟು ವಿ ಡ್ರೈವ್ ಕೊಳ್ಳುವುದೇ ಸರಿ.

ಸ್ಪರ್ಧೆಯ ಹೊಸ ದೋಣಿಯ ಬೆಲೆ ಈಗ ಒಂದು ಲಕ್ಷ ಡಾಲರ್ ದಾಟಿದೆ. ಸಾಮಾನ್ಯ ಸಂಬಳದ ಮನೆ ಹಳೆಯದನ್ನೇ ಹುಡುಕುವುದು ಜಾಣತನ. ಒಳ್ಳೆಯ ತಳ ಹದಿನೈದು ವರ್ಷಕ್ಕೆ ಕೆಡುವುದಿಲ್ಲ. ಎಂಜಿನ್ ಸಾವಿರ ಗಂಟೆ ಓಡಿದೆ ಎಂದು ಹೆದರಬೇಡಿ, ಎಣ್ಣೆ ಬದಲಿಸಿದ ಲೆಕ್ಕ ಕೇಳಿ. ನೀರೆತ್ತಿ ಎಂಜಿನ್ ತಂಪಾಗಿಡುವ ರಬ್ಬರ್ ಇಂಪೆಲ್ಲರನ್ನು ವರ್ಷವರ್ಷ ಹಾಕಿಸಿದ್ದಾರೆಯೇ ನೋಡಿ. ಮಿನೆಸೋಟಾದಂಥ ಚಳಿನಾಡಿನ ದೋಣಿಯಾದರೆ ಚಳಿಗಾಲಕ್ಕೆ ಮುಂಚೆ ಎಂಜಿನ್ನಿನ ನೀರನ್ನು ಬಸಿದಿಟ್ಟಿದ್ದರೇ ಎಂಬುದೇ ಮೊದಲ ಪ್ರಶ್ನೆ. ಒಳಗುಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಬ್ಬಿಣವೇ ಬಿರಿಯುತ್ತದೆ. ಹಳೆಯ ಕಾಲದವಾದರೆ ತಳದೊಳಗಿನ ಉದ್ದನೆಯ ಆಧಾರಪಟ್ಟಿಗಳು ಫೈಬರ್‌ಗ್ಲಾಸ್ ಹೊದಿಸಿದ ಮರದವು. ನೀರು ಹೊಕ್ಕು ಮರ ಕೊಳೆತಿದ್ದರೆ ನೆಲ ಕಾಲ ಕೆಳಗೆ ಮೆತ್ತಗಾಗುತ್ತದೆ, ಎಂಜಿನ್ ಬಿಗಿದ ಬೋಲ್ಟುಗಳು ಸಡಿಲವಾಗಿರುತ್ತವೆ. ಅಂಥದು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬನ್ನಿ. ಟ್ರೇಲರ್ ಸೇರಿದರೆ ಎರಡು ಟನ್ ಹತ್ತಿರ ಬರುತ್ತದೆ, ನಿಮ್ಮ ಕಾರು ಅದನ್ನು ಎಳೆಯಬಲ್ಲದೇ ಎಂಬುದೂ ಲೆಕ್ಕಕ್ಕೆ ಬರಬೇಕು.

ಓಡಿಸುವುದನ್ನು ಮನೆಯಲ್ಲಿ ಕಡೇಪಕ್ಷ ಇಬ್ಬರು ಕಲಿಯಬೇಕು. ಡೈರೆಕ್ಟ್ ಡ್ರೈವ್, ವಿ ಡ್ರೈವ್ ದೋಣಿಗಳು ಚುಕ್ಕಾಣಿಯ ಮಾತು ಕೇಳುವುದು ಪ್ರೊಪೆಲ್ಲರಿನ ನೀರು ಅದರ ಮೇಲೆ ಹಾದಾಗ ಮಾತ್ರ. ಹಿಂದಕ್ಕೆ ಬಿಟ್ಟಾಗ ದೋಣಿ ತನ್ನ ಪಾಡಿಗೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಕಟ್ಟೆಗೆ ನಿಲ್ಲಿಸುವಾಗ ಹೊಸಬರು ತಬ್ಬಿಬ್ಬಾಗುವುದು ಇದಕ್ಕೇ. ಬಿದ್ದ ಆಟಗಾರನ ಬಳಿಗೆ ಬಂದ ಕೂಡಲೇ ಎಂಜಿನ್ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಸಾಲದು. ಎಂಜಿನ್ ಓಡುತ್ತಿರುವಾಗ ಹಿಂದಿನ ಹಲಗೆಯ ಮೇಲೆ ಯಾರೂ ಕೂರಬಾರದು. ಅಲ್ಲಿ ಕೂಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗು ತೂಕಡಿಸುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ಹೋಗಿರುತ್ತದೆ. ಓಡಿಸುವವರು ಜಾರಿ ಬಿದ್ದರೆ ಎಂಜಿನ್ ತಾನೇ ನಿಲ್ಲುವ ಕೊಂಡಿಯನ್ನು 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಬಳಸಬೇಕೆಂದು ಅಮೆರಿಕ 2021ರ ಏಪ್ರಿಲ್ 1ರಿಂದ ಕಾನೂನು ಮಾಡಿದೆ. ಹಳೆಯ ದೋಣಿ ಕೊಳ್ಳುವಾಗ ಆ ಕೊಂಡಿ ಎಳೆದು, ಎಂಜಿನ್ ನಿಲ್ಲುತ್ತದೆಯೇ ಎಂದು ಕಣ್ಣಾರೆ ನೋಡಿ.

ಹಣ ಕೊಡುವ ಮೊದಲು ದೋಣಿಯನ್ನು ನೀರಿಗಿಳಿಸಿ ತೋರಿಸಲು ಕೇಳಿ. ನಿಮ್ಮದೇ ಸ್ಕೀ, ನಿಮ್ಮದೇ ಹಗ್ಗ, ನಿಮ್ಮ ಮಕ್ಕಳನ್ನು ಕರೆದೊಯ್ಯಿರಿ. ಒಮ್ಮೆ ಇಬ್ಬರೇ ಕೂತು, ಇನ್ನೊಮ್ಮೆ ಮನೆಮಂದಿಯೆಲ್ಲ ಕೂತು, ಪ್ರತಿಯೊಬ್ಬರ ವೇಗದಲ್ಲೂ ಎಳೆಸಿಕೊಂಡು ನೋಡಿ. ಹಾಗೆ ತೋರಿಸಲು ಒಪ್ಪದವರ ಹತ್ತಿರ ದೋಣಿ ಕೊಳ್ಳಬೇಡಿ.