ಜಾಲಪುಟಕ್ಕೆ ಅಚ್ಚು: ಮುಕ್ತ ತಂತ್ರಾಂಶದಲ್ಲಿ ಟೆಂಪ್ಲೇಟ್ ಆಯ್ಕೆ

ಗ್ರಂಥಾಲಯದ ಗಣಕದಲ್ಲಿ ನೀವೊಂದು ಪುಸ್ತಕವನ್ನು ಹುಡುಕುತ್ತೀರಿ ಎನ್ನಿ. ಅದರ ಶೀರ್ಷಿಕೆ, ಲೇಖಕರ ಹೆಸರು, ಪುಸ್ತಕ ಕಪಾಟಿನಲ್ಲಿದೆಯೇ ಅಥವಾ ಯಾರಾದರೂ ಒಯ್ದಿದ್ದಾರೆಯೇ ಎಂಬ ವಿವರಗಳು ಪರದೆಯ ಮೇಲೆ ಮೂಡುತ್ತವೆ. ಬೇರೊಂದು ಪುಸ್ತಕವನ್ನು ಹುಡುಕಿದರೆ ವಿವರಗಳು ಬದಲಾಗುತ್ತವೆ. ಪುಟದ ಚೌಕಟ್ಟು ಮಾತ್ರ ಹಾಗೆಯೇ ಇರುತ್ತದೆ. ಲಕ್ಷ ಪುಸ್ತಕಗಳಿವೆ ಎಂದು ಯಾರೂ ಲಕ್ಷ ಪುಟಗಳನ್ನು ಬರೆದಿಟ್ಟಿರುವುದಿಲ್ಲ. ಇರುವುದು ಒಂದೇ ಅಚ್ಚು. ಇದಕ್ಕೆ ಟೆಂಪ್ಲೇಟ್ ಎಂದು ಹೆಸರು.

ಶಾಲೆಯ ವರ್ಗಾವಣೆ ಪತ್ರವನ್ನು ನೆನಪಿಸಿಕೊಳ್ಳಿ. ಮುದ್ರಿತ ನಮೂನೆಯಲ್ಲಿ ಹೆಸರು, ಜನ್ಮದಿನಾಂಕ, ತರಗತಿಗಳಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಗುಮಾಸ್ತರು ದಾಖಲಾತಿ ಪುಸ್ತಕ ನೋಡಿ ಅವನ್ನು ತುಂಬುತ್ತಾರೆ. ಇಲ್ಲಿ ನಮೂನೆಯೇ ಟೆಂಪ್ಲೇಟ್, ದಾಖಲಾತಿ ಪುಸ್ತಕವೇ ದತ್ತಸಂಚಯ. ಗುಮಾಸ್ತರ ಕೆಲಸವನ್ನು ಗಣಕದಲ್ಲಿ ಮಾಡುವ ತಂತ್ರಾಂಶಕ್ಕೆ ಟೆಂಪ್ಲೇಟ್ ಎಂಜಿನ್ ಎನ್ನುತ್ತಾರೆ.

ಇಂತಹ ಎಂಜಿನ್‌ಗಳು ಹಲವಾರಿವೆ. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಕ್ರಮವಿಧಿ ಬರೆಯುವವರಿಗಷ್ಟೇ ಸಂಬಂಧಿಸಿದ ವಿಷಯವೆಂದು ನಿಮಗೆ ತೋರಬಹುದು. ಆದರೆ ಮುಕ್ತ ತಂತ್ರಾಂಶವನ್ನು ಬೆಳೆಸುವವರು ಬೇರೆ ಬೇರೆ ಊರುಗಳ, ಬೇರೆ ಬೇರೆ ತಿಳಿವಳಿಕೆಯ ಜನ. ಅವರಲ್ಲಿ ಯಾರು ಕೈಜೋಡಿಸಬಲ್ಲರು, ತಂತ್ರಾಂಶ ಕನ್ನಡದಂತಹ ಭಾಷೆಗೆ ಬರಬಲ್ಲದೇ, ಬಳಕೆದಾರರು ಎಷ್ಟು ಸುರಕ್ಷಿತರು ಎಂಬ ಮೂರೂ ಪ್ರಶ್ನೆಗಳಿಗೆ ಈ ಆಯ್ಕೆಯೊಡನೆ ನೇರ ಸಂಬಂಧವಿದೆ. ಗ್ರಂಥಾಲಯಗಳಿಗಾಗಿಯೇ ರೂಪುಗೊಂಡ ‘ಕೋಹಾ’ ಇದಕ್ಕೆ ಒಳ್ಳೆಯ ಉದಾಹರಣೆ.

ಕೋಹಾ ಬೆಳೆದ ಬಗೆ

ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಸಂಸ್ಥೆಗೆ 1999ರಲ್ಲಿ ಒಂದು ಚಿಂತೆ ಎದುರಾಯಿತು. ಅಲ್ಲಿದ್ದ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕಗಳನ್ನು ಸರಿಯಾಗಿ ನಿಭಾಯಿಸುವಂತಿರಲಿಲ್ಲ. ಕಟಿಪೊ ಕಮ್ಯುನಿಕೇಷನ್ಸ್ ಎಂಬ ಸಂಸ್ಥೆ ಪರ್ಲ್ ಭಾಷೆಯಲ್ಲಿ ಹೊಸ ತಂತ್ರಾಂಶ ಬರೆದುಕೊಟ್ಟಿತು. ಅದು 2000ದ ಜನವರಿಯಲ್ಲಿ ಕೆಲಸ ಆರಂಭಿಸಿತು. ಅದೇ ವರ್ಷ ಮುಕ್ತ ಪರವಾನಗಿಯಡಿ ಎಲ್ಲರಿಗೂ ದೊರೆಯಿತು. ಮಾವೊರಿ ಭಾಷೆಯಲ್ಲಿ ‘ಕೋಹಾ’ ಎಂದರೆ ಕೊಡುಗೆ. ಇಂದು ಕರ್ನಾಟಕವೂ ಸೇರಿದಂತೆ ಭಾರತದ ಅನೇಕ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಅದು ಬಳಕೆಯಲ್ಲಿದೆ.

ಕೋಹಾದ ಮೊದಲ ಆವೃತ್ತಿಗಳಲ್ಲಿ ಪುಟದ ರೂಪ ಮತ್ತು ಲೆಕ್ಕಾಚಾರ ಒಂದರೊಳಗೊಂದು ಬೆರೆತಿದ್ದವು. ಪುಟದ ಕೋಷ್ಟಕಗಳನ್ನು ಪರ್ಲ್ ಆದೇಶಗಳೇ ಸಾಲು ಸಾಲಾಗಿ ಮುದ್ರಿಸುತ್ತಿದ್ದವು. ಶೀರ್ಷಿಕೆಯನ್ನು ಎಡದಿಂದ ಬಲಕ್ಕೆ ಸರಿಸಬೇಕೆಂದರೂ ಪರ್ಲ್ ಬಲ್ಲವರೇ ಬೇಕಿತ್ತು. ಗ್ರಂಥಪಾಲಕರು ಜಾಲಪುಟದ ಭಾಷೆಯಾದ ಎಚ್‌ಟಿಎಂಎಲ್ ಕಲಿತಿದ್ದರೂ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಎರಡನೇ ಆವೃತ್ತಿಯ ಹೊತ್ತಿಗೆ ಪುಟಗಳನ್ನು ಬೇರ್ಪಡಿಸಿ, ಎಚ್‌ಟಿಎಂಎಲ್-ಟೆಂಪ್ಲೇಟ್ ಎಂಬ ಎಂಜಿನ್ನನ್ನು ಬಳಸತೊಡಗಿದರು.

ಗೆರೆ ಎಳೆಯುವುದೆಲ್ಲಿ?

ಎಚ್‌ಟಿಎಂಎಲ್-ಟೆಂಪ್ಲೇಟ್ ಬೇಕೆಂದೇ ಕಡಿಮೆ ಸಾಮರ್ಥ್ಯದಿಂದ ರಚಿತವಾದುದು. ಒಂದು ಮೌಲ್ಯವನ್ನು ತೋರಿಸುವುದು, ಹೌದು-ಅಲ್ಲ ಎಂದು ಪರೀಕ್ಷಿಸುವುದು, ಪಟ್ಟಿಯ ಪ್ರತಿ ಅಂಶಕ್ಕೂ ಒಂದೇ ಭಾಗವನ್ನು ಪುನರಾವರ್ತಿಸುವುದು, ಇನ್ನೊಂದು ಕಡತವನ್ನು ಸೇರಿಸುವುದು - ಅದರ ಕೆಲಸ ಹೆಚ್ಚುಕಡಿಮೆ ಇಷ್ಟೇ. ಇದರಿಂದ ಕಲಿಯುವುದು ಸುಲಭ. ಲೆಕ್ಕಾಚಾರ ಪುಟದೊಳಗೆ ನುಸುಳುವುದೂ ಇಲ್ಲ.

ಆದರೆ ಇದರ ಮಿತಿಯನ್ನೂ ನೋಡಿ. ಪುಸ್ತಕ ಹಿಂತಿರುಗಿಸುವ ದಿನ ಏಳು ದಿನಗಳಿಗಿಂತ ಹೆಚ್ಚು ಮೀರಿದ್ದರೆ ಆ ಸಾಲನ್ನು ಕೆಂಪು ಬಣ್ಣದಲ್ಲಿ ತೋರಿಸಬೇಕಾಗಿದೆ ಎನ್ನೋಣ. ‘ಏಳಕ್ಕಿಂತ ಹೆಚ್ಚು’ ಎಂಬ ಹೋಲಿಕೆ ಈ ಎಂಜಿನ್ನಿಗೆ ತಿಳಿಯದು. ಕ್ರಮವಿಧಿಯೇ ಹೋಲಿಸಿ ‘ಕೆಂಪು: ಹೌದು’ ಎಂಬ ಸಂಕೇತವನ್ನು ಕಳುಹಿಸಬೇಕು. ಆಗ ಬಣ್ಣದ ನಿರ್ಧಾರ ಮತ್ತೆ ಪರ್ಲ್ ಬರೆಯುವವರ ಕೈಗೇ ಹೋಯಿತು! ತೀರ ಬಡವಾದ ಟೆಂಪ್ಲೇಟ್ ರೂಪದ ಕೆಲಸವನ್ನು ಕ್ರಮವಿಧಿಯೊಳಕ್ಕೆ ತಳ್ಳುತ್ತದೆ. ತೀರ ಬಲವಾದದ್ದು ಕ್ರಮವಿಧಿಯ ಕೆಲಸವನ್ನು ಪುಟದೊಳಕ್ಕೆ ಎಳೆಯುತ್ತದೆ. ಎರಡರಲ್ಲೂ ಕಾಲಕ್ರಮೇಣ ಗೋಜಲು ಹೆಚ್ಚುತ್ತದೆ.

2011ರಲ್ಲಿ ಬಂದ 3.4ನೇ ಆವೃತ್ತಿಯಲ್ಲಿ ಕೋಹಾ ‘ಟೆಂಪ್ಲೇಟ್ ಟೂಲ್‌ಕಿಟ್’ ಎಂಬ ಎಂಜಿನ್‌ಗೆ ಬದಲಾಯಿತು. ಇದರ ಅಚ್ಚಿನಲ್ಲಿ ಖಾಲಿ ಜಾಗವನ್ನು ಹೀಗೆ ಗುರುತಿಸುತ್ತಾರೆ (ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ):

[% ಪುಸ್ತಕ.ಶೀರ್ಷಿಕೆ %]

ಚುಕ್ಕಿಯನ್ನು ಗಮನಿಸಿ. ‘ಪುಸ್ತಕ’ ಎಂಬ ವಸ್ತುವನ್ನು ಇಡಿಯಾಗಿ ಕಳುಹಿಸಿದರೆ ಸಾಕು. ಅದರೊಳಗಿನ ಶೀರ್ಷಿಕೆ ಬೇಕೋ ಲೇಖಕರ ಹೆಸರು ಬೇಕೋ ಎಂಬುದನ್ನು ಪುಟವೇ ಆರಿಸಿಕೊಳ್ಳುತ್ತದೆ. ಹೋಲಿಕೆಗಳೂ ಇಲ್ಲಿ ಸಾಧ್ಯ. ದೋಷಗಳ ದಾಖಲೆ ಇಡುವ ‘ಬಗ್‌ಝಿಲ್ಲಾ’ ತಂತ್ರಾಂಶ 2002ರಿಂದಲೇ ಇದನ್ನು ಬಳಸುತ್ತಿದ್ದುದರಿಂದ ಇದು ಪರೀಕ್ಷೆಗೆ ಒಳಪಟ್ಟ ಉಪಕರಣವೂ ಆಗಿತ್ತು.

ಬದಲಾವಣೆಯೇನೂ ಪುಕ್ಕಟೆಯಲ್ಲ. ಪ್ರತಿಯೊಂದು ಅಚ್ಚನ್ನೂ ಹೊಸ ರೂಪಕ್ಕೆ ತರಬೇಕಾಯಿತು. ಅನುವಾದಕ್ಕಾಗಿ ವಾಕ್ಯಗಳನ್ನು ಹೆಕ್ಕುವ ಉಪಕರಣಕ್ಕೂ ಹೊಸ ಗುರುತುಗಳನ್ನು ಕಲಿಸಬೇಕಾಯಿತು. ಅಚ್ಚುಗಳನ್ನು ತಮಗೆ ಬೇಕಾದಂತೆ ತಿದ್ದಿಕೊಂಡಿದ್ದ ಗ್ರಂಥಾಲಯಗಳ ತಿದ್ದುಪಡಿಗಳು ಹೊಸ ಆವೃತ್ತಿಯಲ್ಲಿ ಹಾಗೆಯೇ ನಡೆಯುವಂತಿರಲಿಲ್ಲ. ಆದ್ದರಿಂದಲೇ ಯೋಜನೆ ಚಿಕ್ಕದಿರುವಾಗಲೇ ಈ ಆಯ್ಕೆಯನ್ನು ಯೋಚಿಸಿ ಮಾಡುವುದು ಒಳ್ಳೆಯದು.

ಕನ್ನಡ ಒಡ್ಡುವ ಪರೀಕ್ಷೆ

ಇಂಗ್ಲಿಷಿನ ಪುಟದಲ್ಲಿ ‘ಚೆಕ್ಡ್ ಔಟ್ ಟು’ ಎಂದು ಬರೆದು, ಅದರ ಮುಂದೆ ಸದಸ್ಯರ ಹೆಸರಿಗೆ ಜಾಗ ಬಿಟ್ಟಿದ್ದಾರೆ ಎನ್ನೋಣ. ಅನುವಾದಕರಿಗೆ ಆ ಮೂರು ಪದಗಳನ್ನಷ್ಟೇ ಕೊಟ್ಟರೆ ಅವರೇನು ಮಾಡಬೇಕು? ಕನ್ನಡದಲ್ಲಿ ಹೆಸರು ಮೊದಲು ಬರುತ್ತದೆ: ‘ಗೀತಾ ಅವರಿಗೆ ನೀಡಲಾಗಿದೆ’. ಹೆಸರನ್ನು ಕೊನೆಯಲ್ಲೇ ಇಟ್ಟರೆ ‘ನೀಡಲಾಗಿದೆ ಗೀತಾ’ ಎಂಬ ವಿಚಿತ್ರ ವಾಕ್ಯವಾಗುತ್ತದೆ. ಖಾಲಿ ಜಾಗವೂ ಸೇರಿದಂತೆ ಇಡೀ ವಾಕ್ಯ ಅನುವಾದಕರ ಕೈಗೆ ಸಿಗಬೇಕು. ಆ ಜಾಗವನ್ನು ತಮ್ಮ ಭಾಷೆಗೆ ಒಪ್ಪುವೆಡೆ ಸರಿಸುವ ಅಧಿಕಾರ ಅವರಿಗಿರಬೇಕು.

ವಿಭಕ್ತಿ ಪ್ರತ್ಯಯಗಳ ತೊಡಕೂ ಇದೆ. ರಮೇಶನಿಗೆ, ಗೀತಾಳಿಗೆ, ರವಿಗೆ - ಹೆಸರಿನ ಲಿಂಗ ಮತ್ತು ಕೊನೆಯ ಸ್ವರವನ್ನು ನೋಡಿ ಪ್ರತ್ಯಯ ಹಚ್ಚುವುದು ಎಂಜಿನ್ನಿಗೆ ತಿಳಿಯದು. ‘ಅವರಿಗೆ’ ಎಂದು ಸೇರಿಸಿದರೆ ಗೌರವವೂ ಉಳಿಯುತ್ತದೆ, ತೊಡಕೂ ತಪ್ಪುತ್ತದೆ. ಇನ್ನು ಏಕವಚನ, ಬಹುವಚನ: ‘1 ಪುಸ್ತಕ ಇದೆ’, ‘3 ಪುಸ್ತಕಗಳಿವೆ’. ಕನ್ನಡಕ್ಕೆ ಎರಡು ರೂಪಗಳು ಸಾಕು. ಅರಬ್ಬಿ ಭಾಷೆಗೆ ಆರು ಬೇಕು. ಈ ವ್ಯತ್ಯಾಸಕ್ಕೆ ಅವಕಾಶವಿಲ್ಲದ ವ್ಯವಸ್ಥೆ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ದೋಷ ಬಯಲಾಗುವುದು ಬೇರೆ ಭಾಷೆಗೆ ಹೋದಾಗ.

ಒಂದು ಚಿಹ್ನೆಯ ಅಪಾಯ

‘5 < 7’ ಎಂಬುದು ಗಣಿತದಲ್ಲಿ ಸರಳ ಸಂಗತಿ. ಆದರೆ ‘<’ ಚಿಹ್ನೆಯನ್ನು ಎಚ್‌ಟಿಎಂಎಲ್ ಒಂದು ಆದೇಶದ ಆರಂಭವೆಂದು ತಿಳಿಯುತ್ತದೆ. ಓದುಗರು ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯಲು ಅವಕಾಶವಿದೆ ಎಂದುಕೊಳ್ಳಿ. ಕಿಡಿಗೇಡಿಯೊಬ್ಬ ಅಲ್ಲಿ ಅಭಿಪ್ರಾಯದ ಬದಲು ಆದೇಶವನ್ನೇ ಬರೆದರೆ, ಆ ಪುಟ ತೆರೆದ ಪ್ರತಿಯೊಬ್ಬರ ಗಣಕದಲ್ಲೂ ಅದು ನಡೆಯಬಹುದು. ಗ್ರಂಥಪಾಲಕರ ಖಾತೆಯೇ ಅವನ ವಶವಾಗಬಹುದು. ಇದನ್ನು ತಡೆಯಲು ಇಂತಹ ಚಿಹ್ನೆಗಳನ್ನು ತೋರಿಸುವ ಮುನ್ನ ನಿರುಪದ್ರವಿ ಸಂಕೇತಗಳಾಗಿ ಬದಲಿಸಬೇಕು.

ಪೈಥಾನ್ ಭಾಷೆಯ ‘ಜ್ಯಾಂಗೊ’ 2008ರ 1.0 ಆವೃತ್ತಿಯಿಂದಲೇ ಇದನ್ನು ತಾನಾಗಿ ಮಾಡುತ್ತದೆ. ಪಿಎಚ್‌ಪಿಯ ‘ಟ್ವಿಗ್’ ಕೂಡ ಹಾಗೆಯೇ. ‘ಡ್ರೂಪಲ್’ ತಂತ್ರಾಂಶ 2015ರಲ್ಲಿ, ತನ್ನ ಎಂಟನೇ ಆವೃತ್ತಿಯಲ್ಲಿ, ಟ್ವಿಗ್ ಅನ್ನು ಅಳವಡಿಸಿಕೊಂಡಿತು. ಟೆಂಪ್ಲೇಟ್ ಟೂಲ್‌ಕಿಟ್ ಮಾತ್ರ ಇದನ್ನು ತಾನಾಗಿ ಮಾಡುವುದಿಲ್ಲ. ಪ್ರತಿ ಜಾಗದಲ್ಲೂ ಶೋಧಕವನ್ನು ಬರೆಯುವವರೇ ಸೇರಿಸಬೇಕು. ಸಾವಿರಾರು ಜಾಗಗಳಲ್ಲಿ ಒಂದನ್ನು ಮರೆತರೂ ಬಾಗಿಲು ತೆರೆದಂತೆಯೇ. 2018ರಲ್ಲಿ ಕೋಹಾ ತಂಡ ಎಲ್ಲ ಅಚ್ಚುಗಳಿಗೂ ಶೋಧಕಗಳನ್ನು ಸೇರಿಸಿತು. ಎಲ್ಲಿಯಾದರೂ ಬಿಟ್ಟುಹೋಗಿದ್ದರೆ ಪತ್ತೆಹಚ್ಚುವ ಪರೀಕ್ಷೆಯನ್ನೂ ಬರೆಯಿತು. ಎಂಜಿನ್ ತಾನಾಗಿ ಮಾಡದ ಕೆಲಸವನ್ನು ಮನುಷ್ಯರು ವರ್ಷಗಳ ನಂತರ ಕುಳಿತು ಮಾಡಬೇಕಾಯಿತು.

ನೀವು ಆರಿಸುವುದಾದರೆ

ಇಂದು ಪುಟವನ್ನು ಬಳಕೆದಾರರ ಬ್ರೌಸರಿನಲ್ಲೇ ಕಟ್ಟುವ ತಂತ್ರಗಳೂ ಬಂದಿವೆ. ಕೋಹಾ 22.11ನೇ ಆವೃತ್ತಿಯ ಒಂದು ಹೊಸ ವಿಭಾಗದಲ್ಲಿ ‘ವ್ಯೂ’ ಎಂಬ ಇಂತಹ ತಂತ್ರ ಬಳಕೆಯಾಗಿದೆ. ಪುಟ ಚುರುಕಾಗಿ ಸ್ಪಂದಿಸುವುದು ಇದರ ಲಾಭ. ಹಳೆಯ ಗಣಕಕ್ಕೆ ಹೊರೆ ಹೆಚ್ಚಾಗಬಹುದೆಂಬುದು ಎಚ್ಚರ. ತಂತ್ರ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆಗಳು ಇವು:

1. ಎಚ್‌ಟಿಎಂಎಲ್ ಮಾತ್ರ ಬಲ್ಲವರು ಅಚ್ಚನ್ನು ಓದಿ ತಿದ್ದಬಲ್ಲರೇ?
2. ಇಡೀ ವಾಕ್ಯಗಳು ಅನುವಾದಕರಿಗೆ ದೊರೆಯುತ್ತವೆಯೇ?
3. ಅಪಾಯದ ಚಿಹ್ನೆಗಳನ್ನು ಅದು ತಾನಾಗಿ ಬದಲಿಸುತ್ತದೆಯೇ?
4. ಅದರ ಪರವಾನಗಿ ನಿಮ್ಮ ಯೋಜನೆಯ ಪರವಾನಗಿಗೆ ಹೊಂದುತ್ತದೆಯೇ?
5. ಹಲವರು ಬಳಸುತ್ತಿದ್ದಾರೆಯೇ, ದೋಷಗಳನ್ನು ಸರಿಪಡಿಸುವವರು ಇದ್ದಾರೆಯೇ?

ವೇಗದ ಪ್ರಶ್ನೆಯನ್ನು ಇವುಗಳ ನಂತರ ಕೇಳಿದರೆ ಸಾಕು. ಸಾಮಾನ್ಯವಾಗಿ ಹೆಚ್ಚು ಸಮಯ ಹಿಡಿಯುವುದು ದತ್ತಸಂಚಯದ ಹುಡುಕಾಟ. ಅಚ್ಚು ತುಂಬುವ ಕೆಲಸ ಅದರ ಮುಂದೆ ಚಿಕ್ಕದು.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಮಾಡಿನೋಡಬಹುದು. ಅಂಕಪಟ್ಟಿಯ ಅಚ್ಚೊಂದನ್ನು ಎರಡು ಎಂಜಿನ್‌ಗಳಲ್ಲಿ ಬರೆಯಿಸಿ. ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ‘<’ ಚಿಹ್ನೆ ಸೇರಿಸಿ, ಪುಟದಲ್ಲಿ ಏನಾಗುತ್ತದೆಂದು ಗಮನಿಸಿ. ಬಳಿಕ ಅಚ್ಚನ್ನು ಕ್ರಮವಿಧಿ ಬರೆಯಲು ಬಾರದ ಸಹೋದ್ಯೋಗಿಯೊಬ್ಬರ ಮುಂದಿಟ್ಟು, ಒಂದು ಸಾಲನ್ನು ಕನ್ನಡಕ್ಕೆ ಬದಲಿಸಲು ಹೇಳಿ. ಯಾರ ಸಹಾಯವೂ ಇಲ್ಲದೆ ಅವರು ಅದನ್ನು ಮಾಡಿಕೊಟ್ಟರೆ ಆ ಎಂಜಿನ್ ನಿಮ್ಮ ಯೋಜನೆಗೆ ತಕ್ಕದ್ದು.