ಹೆಸರು ಕೇಳದ ಫ್ರೆಂಚ್ ದ್ರಾಕ್ಷಾರಸಗಳೂ ನಮ್ಮ ಗುಡ್ಡೆಯ ಗೇರುಹಣ್ಣೂ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಅಡಿಕೆ ತೋಟವುಳ್ಳ ಯಾವ ಮನೆಯವರೂ ಬೋರ್ಡೋ ಎಂಬ ಹೆಸರನ್ನು ಅರಿಯದವರಲ್ಲ. ಮಳೆ ಬಲಿಯುವುದಕ್ಕೆ ಮುಂಚೆ ಮೈಲುತುತ್ತನ್ನೂ ಸುಣ್ಣವನ್ನೂ ಕಲಸಿ ಗೊನೆಗಳಿಗೆ ಸಿಂಪಡಿಸುವ ಆ ದ್ರಾವಣವಿಲ್ಲದಿದ್ದರೆ ಕೊಳೆರೋಗದಿಂದ ನಮ್ಮ ತೋಟಗಳ ಗತಿ ಏನಾಗುತ್ತಿದ್ದಿತೆಂಬುದನ್ನು ವಾಚಕ ಮಹಾಶಯರಿಗೆ ಹೇಳಬೇಕಾದುದಿಲ್ಲ. ಆದರೆ ಬೋರ್ಡೋ ಎಂಬುದು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿರುವ, ದ್ರಾಕ್ಷಾರಸದ ವ್ಯಾಪಾರಕ್ಕೆ ಜಗತ್ಪ್ರಸಿದ್ಧವಾದ ಒಂದು ಬಂದರು ಪಟ್ಟಣವೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಆ ಸೀಮೆಯಲ್ಲಿ ಒಂದು ಸಂಗತಿಯನ್ನು ಕಂಡರು. ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ತುತ್ತುಸುಣ್ಣಗಳ ನೀರನ್ನು ಎರಚಿದ್ದರು. ಆ ಬಳ್ಳಿಗಳ ಎಲೆಗಳು ಮಾತ್ರ ಬೂಜುರೋಗಕ್ಕೆ ಸಿಕ್ಕದೆ ಉಳಿದಿದ್ದುವು. ಕಳ್ಳರ ಭಯದಿಂದ ಹುಟ್ಟಿದ ಈ ಔಷಧವೇ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಪ್ರಯೋಗಗಳ ಮೂಲಕ ಮೈಸೂರು ಸೀಮೆಯ ಅಡಿಕೆ ತೋಟಗಳನ್ನು ಹೊಕ್ಕಿತು.

ಔಷಧವನ್ನು ಆ ದೇಶದಿಂದ ಪಡೆದುಕೊಂಡ ನಾವು ಅಲ್ಲಿಯ ಮಾರಾಟದ ಕ್ರಮವೊಂದನ್ನೂ ಪರಿಶೀಲಿಸುವುದು ಯುಕ್ತವೆಂದು ತೋರುತ್ತದೆ. ಮದ್ಯಪಾನವನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲ. ಬೇಗನೆ ಕೆಟ್ಟುಹೋಗುವ ಹಣ್ಣನ್ನು ಬೆಳೆದವನು, ದೊಡ್ಡ ಹೆಸರಿನ ಬೆಂಬಲವಿಲ್ಲದೆ, ಕೊಳ್ಳುವವನನ್ನು ತನ್ನ ಅಂಗಳಕ್ಕೇ ಹೇಗೆ ಬರಮಾಡಿಕೊಳ್ಳುತ್ತಾನೆಂಬುದನ್ನು ತೋರಿಸುವುದಷ್ಟೇ ಇಲ್ಲಿಯ ವಿಷಯವು.

ಬೋರ್ಡೋ, ಬರ್ಗಂಡಿ, ಶಾಂಪೇನ್ ಮುಂತಾದ ಹೆಸರುಗಳು ಲೋಕದ ಎಲ್ಲ ಪೇಟೆಗಳಲ್ಲಿಯೂ ನಡೆಯುತ್ತವೆ. ಇವಲ್ಲದೆ ಜೂರಾ, ಸವ್ವಾ, ಗಾಯಾಕ್, ಕಾಹೋರ್ ಎಂಬ ಚಿಕ್ಕ ಸೀಮೆಗಳಿವೆ. ಇವುಗಳ ರಸವನ್ನು ಹೊರಗಿನವರು ಅಷ್ಟಾಗಿ ತಿಳಿಯರು. ಕಾಹೋರಿನ ಕಥೆಯನ್ನೇ ನೋಡಬಹುದು. ಅಲ್ಲಿಯ ಕಪ್ಪುಗೆಂಪಿನ ರಸವು ನದಿಯಲ್ಲಿಳಿದು ಬೋರ್ಡೋ ಬಂದರಿನ ಮೂಲಕವೇ ಪರದೇಶಕ್ಕೆ ಹೋಗಬೇಕಾಗಿದ್ದಿತು. ಬೋರ್ಡೋದವರಾದರೋ ತಮ್ಮ ಸರಕು ಮೊದಲು ಸಾಗಲೆಂದು ಮೇಲಿನ ಊರುಗಳ ಪೀಪಾಯಿಗಳನ್ನು ತಡೆದಿಡುವ ಹಕ್ಕನ್ನು ಶತಮಾನಗಳ ಕಾಲ ಅನುಭವಿಸುತ್ತಿದ್ದರು. 1776ರಲ್ಲಿ ಮಂತ್ರಿ ತುರ್ಗೋ ಈ ಹಕ್ಕನ್ನು ರದ್ದುಪಡಿಸಿದನು. ಮುಂದೆ ಬೇರುಹೇನಿನ ಪಿಡುಗು ಬಂದು ಬಳ್ಳಿಗಳನ್ನು ಒಣಗಿಸಿತು. 1956ರ ಫೆಬ್ರವರಿಯ ಘೋರವಾದ ಹಿಮವು ಉಳಿದುದನ್ನೂ ಸುಟ್ಟಿತು. ಆದರೂ ಆ ಊರಿನವರು ಪುನಃ ನೆಟ್ಟು ಬೆಳೆಸಿ 1971ರಲ್ಲಿ ತಮ್ಮ ಸೀಮೆಯ ಹೆಸರಿಗೆ ಕಾನೂನಿನ ಮಾನ್ಯತೆಯನ್ನು ಸಂಪಾದಿಸಿದರು.

ಇಂಥ ಸೀಮೆಗಳಲ್ಲಿ ಕೊಳ್ಳುವ ಪದ್ಧತಿ ಸರಳವಾದುದು. ರಸ್ತೆಯ ಬದಿಯಲ್ಲಿ ಬೆಳೆಗಾರನ ಹೆಸರಿನ ಹಲಗೆ ಇರುತ್ತದೆ. ಬಂದವನನ್ನು ಆತನು ನೆಲಮನೆಗೆ ಕರೆದೊಯ್ದು, ಬೇರೆ ಬೇರೆ ಹೊಲಗಳ ಮತ್ತು ಬೇರೆ ಬೇರೆ ವರ್ಷಗಳ ರಸವನ್ನು ಬಟ್ಟಲಲ್ಲಿ ಸ್ವಲ್ಪ ಸ್ವಲ್ಪವಾಗಿ ಸುರಿದು ರುಚಿ ತೋರಿಸುತ್ತಾನೆ. ರುಚಿ ನೋಡುವವನು ಅದನ್ನು ಬಾಯಲ್ಲಿ ಮುಕ್ಕಳಿಸಿ ಪಾತ್ರೆಯೊಂದಕ್ಕೆ ಉಗುಳುವುದೇ ವಾಡಿಕೆ. ನಮ್ಮವರಿಗೆ ಇದು ವಿಚಿತ್ರವೆನಿಸೀತು, ಆದರೆ ಹತ್ತು ಬಗೆಗಳನ್ನು ಸ್ವಸ್ಥಬುದ್ಧಿಯಿಂದ ಹೋಲಿಸಲಿಕ್ಕೆ ಬೇರೆ ಉಪಾಯವಿಲ್ಲ. ಬಳಿಕ ಆರು ಅಥವಾ ಹನ್ನೆರಡು ಶೀಸೆಗಳ ಪೆಟ್ಟಿಗೆಯನ್ನು ಕೊಂಡು ಹೋಗುತ್ತಾನೆ. ಮಧ್ಯವರ್ತಿಯ ಪಾಲು ಇಬ್ಬರಲ್ಲಿಯೇ ಉಳಿಯುತ್ತದೆ. ನಮ್ಮಲ್ಲಿಯೂ ಈ ಕ್ರಮ ತೀರ ಹೊಸತಲ್ಲ. ಉಪ್ಪಿನಕಾಯಿಗೆ ಇಂಥವರ ಹಿತ್ತಲಿನ ಕಾಟುಮಾವಿನ ಮಿಡಿಯೇ ಆಗಬೇಕೆಂದು ನಾಲ್ಕಾರು ಮೈಲು ನಡೆದು ಹೋಗುವ ಗೃಹಿಣಿಯರು ಮಾಡುತ್ತಿರುವುದೂ ಇದೇ.

ಜೂರಾ ಸೀಮೆಯ ಆರ್ಬೋವಾ ಎಂಬ ಪಟ್ಟಣವು ವಿಶೇಷವಾಗಿ ಗಮನಿಸತಕ್ಕದ್ದು. ಹುಚ್ಚುನಾಯಿಯ ಕಡಿತಕ್ಕೆ ಲಸಿಕೆಯನ್ನು ಕಂಡುಹಿಡಿದ ಲೂಯಿ ಪಾಸ್ತರರು ಬಾಲ್ಯವನ್ನು ಕಳೆದ ಊರು ಇದು. ರಸವು ಹುಳಿಯುವುದೂ ಕೆಡುವುದೂ ಸೂಕ್ಷ್ಮಜೀವಿಗಳಿಂದಲೆಂದೂ, ಹಿತವಾದ ಮಟ್ಟಿಗೆ ಬಿಸಿಮಾಡಿದರೆ ಅದು ಕೆಡದೆ ನಿಲ್ಲುವುದೆಂದೂ ಅವರು ತೋರಿಸಿಕೊಟ್ಟರು. ಈ ಸೀಮೆಯಲ್ಲಿ ‘ಹಳದಿ ರಸ’ವೆಂಬುದೊಂದಿದೆ. ಅದನ್ನು ಮರದ ಪೀಪಾಯಿಯಲ್ಲಿ, ಆರಿದಷ್ಟನ್ನು ಪುನಃ ತುಂಬದೆ, ಆರು ವರ್ಷ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಇರಿಸುತ್ತಾರೆ. ಮೇಲ್ಭಾಗದಲ್ಲಿ ಹುದುಗಿನ ಕೆನೆ ಕಟ್ಟುತ್ತದೆ. ಆಮೇಲೆ ಅದನ್ನು 62 ಸೆಂಟಿಲೀಟರಿನ ಕುಳ್ಳು ಶೀಸೆಗೆ ತುಂಬುತ್ತಾರೆ. ಒಂದು ಲೀಟರಿನಲ್ಲಿ ಕೊನೆಗೆ ಉಳಿಯುವುದಿಷ್ಟೇ ಎಂಬುದು ಅಲ್ಲಿಯವರ ವಿವರಣೆ. ಮೊದಲ ಸಲ ಕುಡಿದವನಿಗೆ ಇದು ಕೆಟ್ಟುಹೋದ ಸರಕಿನಂತೆ ತೋರಿದರೆ ಆಶ್ಚರ್ಯವಿಲ್ಲ. ತಯಾರಿಸಿದವನೇ ಎದುರಿಗೆ ನಿಂತು ಕಾರಣವನ್ನು ವಿವರಿಸುವುದರಿಂದಲೇ ಅದೇ ರುಚಿಯನ್ನು ಹುಡುಕಿಕೊಂಡು ಜನರು ಬರುವಂತಾಯಿತು. ಅಂಗಡಿಯ ಕಪಾಟಿನಲ್ಲಿ ಮೂಕವಾಗಿ ಕುಳಿತ ಶೀಸೆಯಿಂದ ಈ ಕೆಲಸವಾಗದು.

ಮಾರುವವನ ಮಾತನ್ನು ನಂಬುವುದಕ್ಕೆ ಆಧಾರವೂ ಬೇಕಷ್ಟೆ. ಆ ದೇಶದ ದಕ್ಷಿಣ ಭಾಗದಲ್ಲಿ ಕಲಬೆರಕೆಯ ಹಾವಳಿ ಹೆಚ್ಚಿ ಬೆಲೆ ಕುಸಿದುದರಿಂದ 1907ರಲ್ಲಿ ಬೆಳೆಗಾರರು ಲಕ್ಷಗಟ್ಟಲೆ ಬೀದಿಗಿಳಿದರು. ಅದೇ ವರ್ಷ ಕಲಬೆರಕೆಯ ವಿರುದ್ಧ ಕಾನೂನಾಯಿತು. ಇದಕ್ಕೂ ಮೊದಲೇ, 1901ರಲ್ಲಿ, ಮಾರೊಸ್ಸಾನ್ ಎಂಬ ಹಳ್ಳಿಯ ಸಣ್ಣ ಬೆಳೆಗಾರರು ಸಹಕಾರಿ ಸಂಘವನ್ನು ಸ್ಥಾಪಿಸಿ ಒಟ್ಟಾಗಿ ಮಾರಲು ತೊಡಗಿದ್ದರು. ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕಲೇಟು ಕಾರ್ಖಾನೆಯನ್ನು ನೋಡಿದವರಿಗೆ ಸಹಕಾರದ ಶಕ್ತಿಯನ್ನು ವಿವರಿಸಬೇಕಾಗಿಲ್ಲ. 1935ರ ಕಾನೂನಿನಿಂದ ಊರಿನ ಹೆಸರನ್ನು ಆ ಊರಿನವರೇ, ಗೊತ್ತಾದ ಕ್ರಮದಲ್ಲಿ ತಯಾರಿಸಿದುದಕ್ಕೆ ಮಾತ್ರ ಬಳಸತಕ್ಕದ್ದೆಂದು ಏರ್ಪಟ್ಟಿತು. ಮರುವರ್ಷ ಈ ಮಾನ್ಯತೆ ಪಡೆದ ಮೊದಲಿನವುಗಳಲ್ಲಿ ಆರ್ಬೋವಾ ಒಂದು. ನಮ್ಮ ದೇಶದಲ್ಲಿ ಇಂಥದೇ ಭೌಗೋಳಿಕ ಸೂಚಕದ ಕಾನೂನು 1999ರಲ್ಲಿ ಆಗಿದೆ. ಉಡುಪಿಯ ಮಟ್ಟು ಗುಳ್ಳವೂ ಗೋವೆಯ ಗೇರು ಫೆಣಿಯೂ ಅದರ ರಕ್ಷಣೆಯನ್ನು ಪಡೆದಿರುತ್ತವೆ. ಫೆಣಿಗೆ ಇದು ದೊರೆತದ್ದು 2009ರಲ್ಲಿ.

ಈಗ ನಮ್ಮ ಗುಡ್ಡೆಗಳಿಗೆ ಬರುವ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ಗೋವೆಯಲ್ಲಿಯೂ ಇಲ್ಲಿಯೂ ಒಂದೇ. ಅಲ್ಲಿ ಹಣ್ಣಿಗೆ ಬೆಲೆಯುಂಟು. ಇಲ್ಲಿ ಬೀಜವನ್ನು ತಿರುಚಿ ಕಿತ್ತು ಹಣ್ಣನ್ನು ಮರದಡಿಗೇ ಎಸೆಯುವರು. ಒಂದು ಕಿಲೋ ಬೀಜದೊಂದಿಗೆ ಸುಮಾರು ಆರರಿಂದ ಎಂಟು ಕಿಲೋ ಹಣ್ಣು ಬರುತ್ತದೆ. ಅದರಲ್ಲಿ ಕಿತ್ತಳೆಗಿಂತ ನಾಲ್ಕೈದು ಪಾಲು ಹೆಚ್ಚು ‘ಸಿ’ ಜೀವಸತ್ವವಿದೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಯಾವ ಗುಡ್ಡೆಯನ್ನು ಹತ್ತಿದರೂ ಹುಳಿತ ಹಣ್ಣಿನ ವಾಸನೆಯೂ ನೊಣಗಳ ಸಮೂಹವೂ ಎದುರಾಗುವುದನ್ನು ಈ ಲೇಖಕನು ತನಿಖೆಯ ಸಂಚಾರದಲ್ಲಿ ವರ್ಷಂಪ್ರತಿ ಕಾಣುತ್ತಿದ್ದಾನೆ. ಕಾರಣವಿಷ್ಟೆ: ಬಿದ್ದ ಹಣ್ಣು ಒಂದು ದಿನವೂ ಸರಿಯಾಗಿ ನಿಲ್ಲದು. ಅದು ಪೇಟೆಗೆ ಹೋಗಲಾರದು. ಆದುದರಿಂದ ಕೆಲಸವು ಮರದ ಸಮೀಪದಲ್ಲಿಯೇ ಆಗಬೇಕು, ಕೊಳ್ಳುವವನೂ ಅಲ್ಲಿಗೇ ಬರಬೇಕು. ಜೂರಾದ ಬೆಳೆಗಾರನ ಕ್ರಮವು ದ್ರಾಕ್ಷಿಗಿಂತಲೂ ನಮ್ಮ ಗೇರಿಗೆ ಹೆಚ್ಚು ಒಪ್ಪುವುದೆಂದು ಹೇಳಲು ಇದೇ ಆಧಾರ.

ರಸ ತೆಗೆಯುವ ವಿಧಾನದಲ್ಲಿ ಕಷ್ಟವೇನಿಲ್ಲ. ಅದೇ ಬೆಳಿಗ್ಗೆ ಹೆಕ್ಕಿದ, ಗಾಯವಾಗದ ಹಣ್ಣುಗಳನ್ನು ತೊಳೆದು ತಡಮಾಡದೆ ಹಿಂಡತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ಹಣ್ಣಿನ ಒಗರು ಕಬ್ಬಿಣಕ್ಕೆ ಸೋಕಿದರೆ ರಸ ಕಪ್ಪಾಗುವುದು. ಗಂಟಲು ಹಿಡಿಯುವ ಆ ಒಗರನ್ನು ತೆಗೆಯಲು ಲೀಟರಿಗೆ 5 ಗ್ರಾಂ ಸಾಬಕ್ಕಿಯನ್ನು ಪುಡಿಮಾಡಿ ಸ್ವಲ್ಪ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ರಸಕ್ಕೆ ಕಲಸಿ, ಸುಮಾರು 12 ಗಂಟೆ ಅಲುಗಾಡಿಸದೆ ಇಟ್ಟರೆ ಒಗರು ಅಡಿಗಿಳಿದು ಮೇಲೆ ತಿಳಿರಸ ನಿಲ್ಲುವುದು. ಅನ್ನದ ಗಂಜಿಯಿಂದಲೂ ಈ ಕೆಲಸವಾಗುತ್ತದೆ. ಈ ತಿಳಿರಸವನ್ನು ಬಿಸಿಮಾಡಿ ಸಕ್ಕರೆ ಸೇರಿಸಿ ಪಾನಕವಾಗಿ ಕಾದಿರಿಸಬಹುದು.

ವೈನು ಮಾಡುವುದಾದರೆ ಲೆಕ್ಕ ಬೇರೆ. ಈ ರಸದಲ್ಲಿ ನೂರಕ್ಕೆ ಹತ್ತು ಹನ್ನೆರಡು ಅಂಶ ಸಕ್ಕರೆಯಿದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ನೂರಕ್ಕೆ ಒಂದಂಶ ಮದ್ಯಸಾರ ಹುಟ್ಟುವುದರಿಂದ, ಹಾಗೆಯೇ ಬಿಟ್ಟರೆ ಆರೇಳು ಅಂಶಕ್ಕೆ ನಿಂತು ಬೇಗನೆ ಕೆಡುವುದು. ಸಕ್ಕರೆ ಸೇರಿಸಿ ಶುದ್ಧವಾದ ಹುದುಗನ್ನೇ ಹಾಕಬೇಕು. ಆದರೆ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಮೇರೆಗೆ ಪರವಾನಿಗೆಯಿಲ್ಲದೆ ಇಂಥದನ್ನು ತಯಾರಿಸಿ ಮಾರುವುದು ಅಪರಾಧವಾಗಿದೆ. ರಾಜ್ಯ ಸರಕಾರವು 2007ರಲ್ಲಿ ಪ್ರಕಟಿಸಿದ ನೀತಿಯು ದ್ರಾಕ್ಷಿ ಬೆಳೆಗಾರರನ್ನು ಉದ್ದೇಶಿಸಿದುದು. ಒಬ್ಬೊಬ್ಬರಾಗಿ ಕಚೇರಿಗೆ ಅಲೆಯುವುದಕ್ಕಿಂತ ಗ್ರಾಮದ ಹತ್ತು ಮಂದಿ ಸಂಘವಾಗಿ ಅರ್ಜಿ ಸಲ್ಲಿಸುವುದು ಲೇಸು. ಅಲ್ಲಿಯವರೆಗೆ ಪಾನಕವೇ ನಿರಪಾಯವಾದ ದಾರಿ. ಸಂಸ್ಕರಣೆಯ ವಿಷಯದಲ್ಲಿ 1986ರಿಂದ ಪುತ್ತೂರಿನಲ್ಲಿರುವ, ಈಗ ಗೇರು ಸಂಶೋಧನಾ ನಿರ್ದೇಶನಾಲಯವೆನಿಸಿರುವ ಸಂಸ್ಥೆಯವರನ್ನು ಕೇಳಿ ತಿಳಿಯತಕ್ಕದ್ದು.

ಭೂಮಾಲಿಕರು ಈ ವರ್ಷವೇ ಮಾಡಬಹುದಾದ ಒಂದೆರಡು ಕೆಲಸಗಳಿವೆ. ಗುಡ್ಡೆಯನ್ನು ಗುತ್ತಿಗೆಗೆ ಕೊಡುವವರು, ಹಣ್ಣು ತಮಗೆ ಸೇರತಕ್ಕದ್ದೆಂದು ಕರಾರಿನಲ್ಲಿ ಬರೆಯಿಸಬೇಕು. ಈಗಿನ ಕರಾರುಗಳಲ್ಲಿ ಸಾಮಾನ್ಯವಾಗಿ ಅದರ ಪ್ರಸ್ತಾಪವೇ ಇರುವುದಿಲ್ಲ. ಬೀಜದಿಂದ ಎದ್ದ ಹಳೆಯ ಮರಗಳಲ್ಲಿ ಒಂದರಂತೆ ಇನ್ನೊಂದಿಲ್ಲ: ಒಂದರ ಹಣ್ಣು ಜೇನಿನಂತಿದ್ದರೆ ಪಕ್ಕದ್ದು ಬಾಯಿಗಿಡಲಾಗದಷ್ಟು ಒಗರು. ಹಣ್ಣಿನ ಕಾಲದಲ್ಲಿ ಮನೆಯ ಮಕ್ಕಳನ್ನು ಕರೆದುಕೊಂಡು ಹೋದರೆ ಒಳ್ಳೆಯ ಮರ ಯಾವುದೆಂದು ಅವರೇ ತೋರಿಸಿಕೊಡುವರು. ಅಂಥವುಗಳ ಕಾಂಡಕ್ಕೆ ಸುಣ್ಣದ ಪಟ್ಟಿ ಬಳಿದು, ಹಣ್ಣಿನ ಬಣ್ಣ, ರುಚಿ, ಕಾಯುವ ತಿಂಗಳು ಇವುಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಕಸಿಗೆ ಬೇಕಾದ ಕಡ್ಡಿಗಳನ್ನು ಆ ಮರಗಳಿಂದಲೇ ತೆಗೆಯತಕ್ಕದ್ದು.